ಜೆಮಿಮಾಳ ಗೋಡೆ, ಸ್ಟೀಫನನ ಉಗುಳು

ಭಾಲ್ಕಿಯ ಬಸ್ ಸ್ಟ್ಯಾಂಡಿನ ಹಿಂದೆ, ಔರಾದಕ್ಕೆ ಹೋಗುವ ಕ್ರೂಸರ್ ಗಾಡಿಗಳು ಜನ ತುಂಬುವವರೆಗೆ ಕಾಯುವ ಜಾಗದಲ್ಲಿ, ಉದ್ದನೆಯದೊಂದು ಗೋಡೆ ಇದೆ. ಅದರ ಮೇಲಿನ ಯಾವ ಉಗುಳು ಯಾರದೆಂದು ನೋಡಿದ ಕೂಡಲೇ ಹೇಳಬಲ್ಲವಳು ಊರಿಗೆಲ್ಲ ಒಬ್ಬಳೇ. ಅವಳ ಹೆಸರು ಜೆಮಿಮಾ. ಹಲಬರ್ಗಾದ ಮೆಥಡಿಸ್ಟ್ ಮನೆತನದ ಮಗಳು. ಸ್ಟ್ಯಾಂಡು ಗುಡಿಸಿ ಆ ಗೋಡೆ ತೊಳೆಯುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ.

ಮೊಳಕಾಲೆತ್ತರದಲ್ಲಿ ಚೆದುರಿ ಬಿದ್ದಿದ್ದರೆ ಅದು ಕೂತು ಇಸ್ಪೀಟಾಡುವವರದು. ತಲೆಗಿಂತ ಮೇಲೆ ಹತ್ತಿ ಕೆಳಗೆ ಹರಿದಿದ್ದರೆ ಕಬ್ಬಿನ ಲಾರಿಯ ಕ್ಯಾಬಿನ್ನಿನಿಂದ ಬಂದದ್ದು. ಗಂಟಲು ಕೆರೆದು, ಕಫ ಸೇರಿಸಿ, ನಿಧಾನವಾಗಿ ಬಿಟ್ಟದ್ದು ಬೇರೆಯೇ ಕಾಣುತ್ತದೆ. ಅದು ಬಿಸಿಲಿಗೂ ಬೇಗ ಒಣಗುವುದಿಲ್ಲ, ನೊಣಗಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಎದೆಯೆತ್ತರದಲ್ಲಿ, ಎಡಕ್ಕೆ ಬಾಲ ಬಿಟ್ಟ ಕೆಂಪು ಮೆಣಸಿನಕಾಯಿಯಂತೆ ಬಿದ್ದದ್ದು ಅವಳ ಗಂಡ ಸ್ಟೀಫನನದು. ಅವನು ಕ್ರೂಸರ್ ಡ್ರೈವರ್. ಸೀಟಿನಲ್ಲಿ ಕೂತೇ ಕಿಟಕಿಯಿಂದ ಉಗುಳುತ್ತಾನೆ, ಉಗುಳುತ್ತಲೇ ಮುಖ ಒಳಗೆ ಎಳೆದುಕೊಳ್ಳುತ್ತಾನೆ. ಬಾಲ ಬರುವುದು ಅದಕ್ಕೇ.

“ಮನಿಯಾಗ ನಿಮ್ಮ ತಾಟು ತೊಳೀತೇನಿ, ಇಲ್ಲಿ ನಿಮ್ಮ ಬಾಯಿ ತೊಳೀತೇನಿ,” ಎಂದು ಅವಳು ಪೊರಕೆ ಊರಿ ನಿಂತು ಹೇಳಿದರೆ, ಅವನು ಗುಟ್ಕಾ ತುಂಬಿದ ಬಾಯಲ್ಲಿ ಉತ್ತರ ಕೊಡಲಾರದೆ ಬರೀ ಹಾರನ್ ಒತ್ತುತ್ತಿದ್ದ.

ಹತ್ತೊಂಬತ್ತು ವರ್ಷ ಅದನ್ನೇ ತೊಳೆದ ಮೇಲೆ ಅಭ್ಯಾಸವಾಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆಗಲಿಲ್ಲ. ಹೇಸಿಕೆ ಅವಳಲ್ಲಿ ವರ್ಷವರ್ಷಕ್ಕೂ ಬೆಳೆಯಿತು. ಬೇರೆಯವರು ಕುಡಿದ ಗ್ಲಾಸನ್ನು ಅವಳು ಬೂದಿ ಹಾಕಿ ಉಜ್ಜದೆ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಗೋಡೆಗೆ ಬೆನ್ನು ಹಾಕಿ ಉಣ್ಣುತ್ತಿದ್ದಳು. ಚರ್ಚಿನಲ್ಲಿ ಪಾಸ್ಟರು, ಕರ್ತನು ತನ್ನ ಉಗುಳಿನಿಂದ ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿದ ಪ್ರಸಂಗ ಹೇಳುವ ಭಾನುವಾರ ಬಂದರೆ ಸೆರಗು ಮೂಗಿಗೆ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕರ್ತನ ಮೇಲೆ ಅವಳಿಗೆ ಬೇರೆ ಯಾವ ತಕರಾರೂ ಇರಲಿಲ್ಲ.

ಆ ಗೋಡೆ ತೊಳೆಯಲು ಅವಳ ಹತ್ತಿರ ಎರಡು ರೀತಿಗಳಿದ್ದವು. ಒಂದು ಆಸಿಡ್. ಬಕೆಟ್ಟಿಗೆ ಹಾಕಿ ಎರಚಿದರೆ ಕಲೆ ಹೋಗುತ್ತದೆ, ಸುಣ್ಣವೂ ಹೋಗುತ್ತದೆ, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ “ಇಲ್ಲಿ ಉಗುಳಬೇಡಿ” ಎನ್ನುವ ಅಕ್ಷರಗಳೂ ಹೋಗುತ್ತವೆ. ಇನ್ನೊಂದು, ಹಲ್ಲುಜ್ಜುವ ಹಳೇ ಬ್ರಶ್ಶು. ಅಕ್ಷರಗಳ ಸುತ್ತ, ಅವುಗಳ ಸಂದಿಯಲ್ಲಿ, ಕಲೆಯನ್ನಷ್ಟೇ ಹಿಡಿದು ತಿಕ್ಕಬೇಕು. ಅಕ್ಷರ ಉಳಿಯುತ್ತದೆ, ಆದರೆ ಅರ್ಧ ದಿನ ಬೇಕು. ಮುಖವನ್ನು ಉಗುಳಿಗೆ ಗೇಣಿನಷ್ಟು ಹತ್ತಿರ ಒಯ್ಯಬೇಕು. ಎರಡು ಸಲ ಆಸಿಡ್ ಹಾಕಿ ಅಕ್ಷರ ಕಳೆದ ಮೇಲೆ, ಕೆಲಸದ ಉಸ್ತುವಾರಿ ನೋಡುವ ಮುಕಾದಮ ಬೈದಿದ್ದ. ಅಂದಿನಿಂದ ಬ್ರಶ್ಶು.

ಬ್ರಶ್ಶು ಹಿಡಿದು ಅಷ್ಟು ಹತ್ತಿರ ಹೋದದ್ದಕ್ಕೇ ಅವಳಿಗೆ ಅದು ಕಂಡಿತು. ಕ್ರಿಸ್‌ಮಸ್ ಕಳೆದು ಹತ್ತು ದಿನವಾಗಿತ್ತು. ಎಡಕ್ಕೆ ಬಾಲ ಬಿಟ್ಟ ಮೆಣಸಿನಕಾಯಿಯ ನಡುವೆ ಒಂದು ಕಪ್ಪು ಎಳೆ. ಗುಟ್ಕಾ ಒಣಗಿದರೆ ಇಟ್ಟಂಗಿ ಬಣ್ಣ ಬರುತ್ತದೆ, ರಕ್ತ ಒಣಗಿದರೆ ಕಪ್ಪಾಗುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮರುದಿನವೂ ಎಳೆ ಇತ್ತು. ಮೂರನೆಯ ದಿನ ಎಳೆ ದಪ್ಪವಾಗಿತ್ತು.

ಅವಳು ಬ್ರಶ್ಶನ್ನು ಬಕೆಟ್ಟಿಗೆ ಒಗೆದು ನೇರ ಗಾಡಿಯ ಹತ್ತಿರ ಹೋದಳು.

“ಬಾಯಿ ತೆಗೀರಿ.”

“ಯಾಕ? ಪ್ಯಾಸೆಂಜರ್ ಕುಂತಾರ,” ಅಂದ ಸ್ಟೀಫನ.

“ಕುಂತವರೂ ನೋಡ್ಲಿ. ತೆಗೀರಿ.”

ಪಕ್ಕದ ಗಾಡಿಯ ಮಕ್ಬೂಲ, ಇಪ್ಪತ್ತು ವರ್ಷದಿಂದ ಸ್ಟೀಫನನ ದೋಸ್ತ, ಕಿಟಕಿಯಿಂದ ತಲೆ ಹಾಕಿದ. “ಭಾಭಿ, ಒಳಗೇನೂ ಸಿಗಂಗಿಲ್ಲ. ಇದ್ದ ಶಾಣೇತನ ಎಲ್ಲಾ ಉಗುಳಿ ಮುಗಿಸ್ಯಾನ.”

ಆಮೇಲೆ ಅವನೂ ನಗಲಿಲ್ಲ. ಬಾಯಿ ತೆರೆಯಲು ತಲೆ ಎತ್ತಿದ ಸ್ಟೀಫನನ ಕುತ್ತಿಗೆಯ ಎರಡೂ ಕಡೆ, ದವಡೆಯ ಕೆಳಗೆ, ಒಂದೊಂದು ಗಂಟು ಅಡಿಕೆಯಷ್ಟಾಗಿದ್ದವು. ಇಷ್ಟು ದಿನ ಅಂಗಿಯ ಕಾಲರಿನಲ್ಲಿ ಮುಚ್ಚಿಕೊಂಡಿದ್ದ.

ಬೀದರಿನಲ್ಲಿ ನೌಬಾದದ ಹತ್ತಿರ ಒಂದು ದವಾಖಾನೆಗೆ ಶನಿವಾರಕ್ಕೊಮ್ಮೆ ಕ್ಯಾನ್ಸರಿನ ಡಾಕ್ಟರು ಹೈದರಾಬಾದಿನಿಂದ ಬರುತ್ತಿದ್ದರು. ಹೆಸರು ವಿಜಯಶ್ರೀ. ಈ ಕಡೆಯವರೇ, ಮಾತೂ ಈ ಕಡೆಯದೇ. ಚೂರು ತೆಗೆದು ತಪಾಸಣೆಗೆ ಕಳಿಸಿ, ಸ್ಕ್ಯಾನು ಮಾಡಿಸಿ, ಎಲ್ಲ ಕಾಗದ ಬಂದ ಶನಿವಾರ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು.

“ನಾಲಿಗಿ ಬುಡದಾಗ ಗಡ್ಡಿ ಅದ. ಕುತ್ತಿಗಿ ಎರಡೂ ಕಡಿ ಇಳದದ. ಕೊಯ್ದು ತೆಗೀಬೇಕಂದ್ರ ನಾಲಿಗಿನೇ ಹೋಗ್ತದ. ಅದಕ್ಕ ಕರೆಂಟ್ ಕೊಡೋಣು, ಮೂವತ್ತೈದು ಸಲ. ಜೋಡಿಗೆ ವಾರಕ್ಕೊಂದು ಬಾಟ್ಲಿ ಔಷಧಿ. ವಾಸಿ ಆಗೋ ಜಡ್ಡು, ಆದ್ರ ತಡ ಮಾಡಬಾರದು.”

ರೇಡಿಯೇಷನ್ನಿಗೆ ಇಲ್ಲಿ ಎಲ್ಲರೂ ಕರೆಂಟ್ ಅನ್ನುತ್ತಾರೆ. ಡಾಕ್ಟರೂ ಹಾಗೇ ಅಂದರು. ಆಮೇಲೆ ಒಂದು ಹಾಳೆಯ ಮೇಲೆ ತಲೆಯ ಆಕಾರ ಬರೆದರು.

“ಕರೆಂಟ್ ಕೊಡೋದು ಎರಡು ನಮೂನಿ ಅದ. ಹಳೇ ನಮೂನಿ ಅಂದ್ರ ಎಡಕ್ಕೊಂದು, ಬಲಕ್ಕೊಂದು, ಎರಡು ಕಡಿಂದ ಬ್ಯಾಟರಿ ಬೆಳಕು ಬಿಟ್ಟಂಗ. ನಡುವ ಸಿಕ್ಕದ್ದೆಲ್ಲಾ ಸುಡ್ತದ. ಗಡ್ಡಿ ಸುಡ್ತದ, ಕಿವಿ ಕೆಳಗ ಉಗುಳು ಮಾಡೋ ಗ್ರಂಥಿ ಅವ ನೋಡ್ರಿ, ಅವೂ ಸುಡ್ತಾವ. ಬಾಯಿ ಒಣಗಿದ್ದು ಮತ್ತ ತಿರುಗಿ ಬರಂಗಿಲ್ಲ. ಹೊಸ ನಮೂನಿಗೆ ಐಎಂಆರ್‌ಟಿ ಅಂತಾರ. ಸುತ್ತ ಏಳೆಂಟು ದಿಕ್ಕಿನಿಂದ ಬಿಡ್ತಾರ. ಗಡ್ಡಿ ಇದ್ದಲ್ಲಿ ಜೋರು, ಗ್ರಂಥಿ ಇದ್ದಲ್ಲಿ ಕಮ್ಮಿ. ಉಗುಳು ಪೂರಾ ಉಳೀತದ ಅಂತ ನಾ ಸುಳ್ಳು ಹೇಳಂಗಿಲ್ಲ. ವರ್ಷದ ಒಳಗ ಅರ್ಧ ಮುಕ್ಕಾಲು ತಿರುಗಿ ಬರ್ತದ.”

ಜೆಮಿಮಾ ಚಿತ್ರವನ್ನು ತಿರುಗಿಸಿ ತನ್ನ ಕಡೆ ಮಾಡಿಕೊಂಡಳು. “ಹಳೇದು ಅಂದ್ರ ಆಸಿಡ್. ಹೊಸಾದು ಅಂದ್ರ ಬ್ರಶ್.”

ಡಾಕ್ಟರಿಗೆ ತಿಳಿಯಲಿಲ್ಲ. ಅವಳು ಗೋಡೆ, ನೀಲಿ ಅಕ್ಷರ ಎಲ್ಲ ವಿವರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. “ಹಾಂಗೇ ಅದ. ನಾ ಇಷ್ಟು ಚಲೋ ಹೇಳಿಲ್ಲ.”

“ಕಲಿ ಯಾವುದರಾಗ ಚಲೋ ಹೋಗ್ತದ್ರಿ? ಅಂದ್ರ ಗಡ್ಡಿ?”

“ಎರಡರಾಗೂ ಸರಿಸಮ. ಜೀವ ಉಳಿಯೋದರಾಗ ಫರಕ್ ಇಲ್ಲ. ಫರಕ್ ಇರೋದು ಉಗುಳಿನಾಗ.”

“ಹಾಂಗಾದ್ರ ಆಸಿಡ್ ಹಾಕ್ರಿ.”

ಡಾಕ್ಟರು ಅವಳ ಮುಖ ನೋಡಿದರು.

“ಒಣಗಲಿ ಬಿಡ್ರಿ ಮೇಡಂ. ಇಪ್ಪತ್ತಾರು ವರ್ಷ ಈ ಬಾಯಿ ಮನಿಯಾಗ ನೋಡೇನಿ, ಗ್ವಾಡಿ ಮ್ಯಾಲ ನೋಡೇನಿ. ಇದರಾಗ ಉಗುಳು ಇರೋದು ಯಾರಿಗೆ ಬೇಕಾಗದ? ಭಾಲ್ಕಿಗೇ ಪುಣ್ಯ ಬರ್ತದ.”

ಸ್ಟೀಫನ ಕಂದು ಹಲ್ಲು ತೋರಿಸಿ ನಕ್ಕ. “ಆಕಿ ಹೇಳಿದಂಗ ಮಾಡ್ರಿ. ನಾ ಬರೀ ಗಾಡಿದು ಡ್ರೈವರ್. ನನ್ನ ಡ್ರೈವರ್ ಆಕಿ.”

ಡಾಕ್ಟರು ಅಲ್ಲಿಗೇ ಸಹಿ ಹಾಕಿಸಲಿಲ್ಲ. ಎರಡೂ ಸರ್ಕಾರದ ಆರೋಗ್ಯ ಕಾರ್ಡಿನಲ್ಲೇ ಆಗುತ್ತವೆ, ದುಡ್ಡಿನ ಚಿಂತೆ ಬೇಡ. ಹಳೆಯದನ್ನು ತಕ್ಷಣ ಶುರು ಮಾಡಬಹುದು, ಹೊಸದಕ್ಕೆ ಮುಖದ ಅಚ್ಚು, ಸ್ಕ್ಯಾನು, ಕಂಪ್ಯೂಟರಿನ ಪ್ಲ್ಯಾನು ಎಂದು ಎರಡು ವಾರ ಬೇಕು. ಮುಂದಿನ ಶನಿವಾರ ಬಂದು ಹೇಳಿ ಎಂದರು. ಗುಟ್ಕಾ ಮಾತ್ರ ಇಂದೇ ಬಂದ್ ಎಂದು ಸ್ಟೀಫನನ ಕಡೆ ಬೆರಳು ಮಾಡಿದರು. ಅವನು ಕಿಸೆಯಲ್ಲಿದ್ದ ಪೊಟ್ಟಣಗಳನ್ನು ಅವರ ಮೇಜಿನ ಮೇಲೇ ಇಟ್ಟ. ಅದನ್ನು ನೋಡಿಯೂ ಜೆಮಿಮಾ ಮುಖ ತಿರುವಿದಳು.

ಆಸಿಡ್ ಎಂದದ್ದು ಅವಳಿಗೆ ತಪ್ಪೆನಿಸಿರಲಿಲ್ಲ. ಮಕ್ಬೂಲನ ಮುಂದೆ ಹೇಳಿಯೂ ಹೇಳಿದಳು. ಅವನು ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ತಾಳ ಹಾಕಿದ.

“ಭಾಭಿ, ಔರಾದದಾಗ ಒಬ್ಬರು ಮಾಸ್ತರ ಅದಾರ. ಶಿವರಾಜಪ್ಪ ಅಂತ. ಹನ್ನೊಂದು ವರ್ಸ ಆತು ಹಳೇ ಕರೆಂಟ್ ಹೊಡಿಸ್ಕೊಂಡು. ಬದುಕ್ಯಾರ, ಸೈಕಲ್ ಹೊಡೀತಾರ. ಒಮ್ಮೆ ನೋಡಿ ಬರೋಣು ನಡೀರಿ.”

“ಬದುಕ್ಯಾರಲ್ಲ. ಮತ್ತೇನು ನೋಡೋದದ?”

“ನೋಡ್ರಿ ಅಂದೆ ಅಷ್ಟೇ.”

ಮಂಗಳವಾರ ಮಕ್ಬೂಲನ ಗಾಡಿಯಲ್ಲಿ ಹೋದರು. ಸ್ಟೀಫನ ಬರಲಿಲ್ಲ. ತನಗಿಂತ ಮುಂಚೆ ರೋಗ ಬಂದವರನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ.

ಶಿವರಾಜಪ್ಪ ಮಾಸ್ತರು ಹಣೆಗೆ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂತಿದ್ದರು. ಕೊರಳಲ್ಲಿ ಶಿವದಾರದ ಜೊತೆ ಇನ್ನೊಂದು ದಾರ, ಅದಕ್ಕೆ ನೀರಿನ ಸಣ್ಣ ಬಾಟಲಿ. ಎರಡು ಮಾತಾಡುವುದು, ಒಂದು ಗುಟುಕು ಕುಡಿಯುವುದು. ಕುಡಿಯುವ ಮುಂಚೆ ಅವರ ನಾಲಿಗೆ ಅಂಗುಳದಿಂದ ಬಿಡಿಸಿಕೊಳ್ಳುವಾಗ ಚರ್ಮ ಕಿತ್ತಂಥ ಸಣ್ಣ ಸಪ್ಪಳ ಬರುತ್ತಿತ್ತು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

“ಬಾ ತಂಗಿ. ಮಕ್ಬೂಲ ಫೋನ್ ಮಾಡಿದ್ದ.” ಗುಟುಕು. “ನನ್ನ ಹಲ್ಲು ಹುಡುಕಬ್ಯಾಡ. ಉಗುಳು ಇಲ್ಲಂದ್ರ ಹಲ್ಲು ಒಂದೊಂದೇ ಪುಡಿ ಆಗಿ ಹೋಗ್ತಾವ. ಮೂರು ವರ್ಷದಾಗ ಎಲ್ಲಾ ಹೋದ್ವು.”

“ಗುಟ್ಕಾ ತಿಂತಿದ್ರೇನ್ರಿ ಸರ?”

ಒಳಗಿನಿಂದ ಅವರ ಹೆಂಡತಿ ಗುರಮ್ಮ ಬಂದಳು. “ಎಲಿ ಅಡಕಿ ಸುದ್ದಾ ಮುಟ್ಟಿದವರಲ್ಲವ್ವ. ಮದುವಿ ದಿನ ನಾ ಮಡಚಿ ಕೊಟ್ಟ ಎಲಿ ಕಿಸೆದಾಗ ಇಟ್ಕೊಂಡು, ಮೂರನೇ ದಿನ ಆಕಳಿಗೆ ಹಾಕಿದ ಮನಷ್ಯಾ ಇವರು.”

ಜೆಮಿಮಾಳಿಗೆ ಒಂದು ಲೆಕ್ಕ ಅಲ್ಲೇ ತಪ್ಪಿತು. ಒಣಗಿದ ಬಾಯಿ ಉಗುಳಿದವನಿಗೆ ಸಿಗುವ ಶಿಕ್ಷೆ ಎಂದು ಅವಳು ಮನಸ್ಸಿನಲ್ಲಿ ತೀರ್ಪು ಬರೆದುಕೊಂಡು ಬಂದಿದ್ದಳು.

ಊಟಕ್ಕೆ ಎಬ್ಬಿಸಿದರು. ಅವಳಿಗೂ ಮಕ್ಬೂಲನಿಗೂ ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಮಾಸ್ತರಿಗೆ ಬೆಳಗಿನ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಅಂಟಿನಂತೆ ಮಾಡಿದ್ದು. ಅವರು ಚಮಚದಿಂದ ಬಾಯಿಗಿಟ್ಟು, ನೀರು ಕುಡಿದು, ತಲೆಯನ್ನು ಹಿಂದಕ್ಕೆ ಒಗೆದು ನುಂಗುತ್ತಿದ್ದರು. ಮೂರನೆಯ ಚಮಚ ಗಂಟಲಲ್ಲಿ ನಿಂತಿತು. ಗುರಮ್ಮ ಬೆನ್ನಿಗೆ ಗುದ್ದಿ, ಬೆರಳು ಹಾಕಿ, ಬೂದುಬಣ್ಣದ ಮುದ್ದೆಯನ್ನು ಹೊರಗೆಳೆದು ತಾಟಿನ ಅಂಚಿಗೆ ಇಟ್ಟಳು. ಅದರಲ್ಲಿ ಒಂದು ಹನಿ ಜೊಲ್ಲೂ ಇರಲಿಲ್ಲ, ಗೋಡೆಯಿಂದ ಉದುರಿದ ಹಳೆ ಗಿಲಾವಿನಂತೆ ಪುಡಿಪುಡಿಯಾಗಿತ್ತು. ಮಾಸ್ತರ ಉಸಿರು ಎದುರು ಕೂತವಳ ಮುಖಕ್ಕೆ ಬಡಿಯಿತು. ತೊಳೆಯದೆ ಮುಚ್ಚಿಟ್ಟ ಪಾತ್ರೆಯ ವಾಸನೆ.

ಹಸಿಯಾದದ್ದಕ್ಕೆ ಹೇಸಿದವಳು ಜೆಮಿಮಾ, ಒಣಗಿದ್ದು ಇಷ್ಟು ಅಸಹ್ಯವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಮಾಸ್ತರು ಕಣ್ಣೊರೆಸಿಕೊಂಡರು. “ಹೇಸಿಕಿ ಬಂತಲ್ಲ ತಂಗಿ? ಬರಬೇಕು. ನನಗೂ ಬರ್ತದ.” ಗುಟುಕು. “ಆದ್ರ ಆ ಮಿಷನ್ನಿಗೆ ನಾ ಬೈಯಂಗಿಲ್ಲ. ಆವಾಗ ನನಗ ಸಿಕ್ಕದ್ದು ಅದೊಂದೇ. ಅದರಲೆ ಮಗಳ ಮದುವಿ ನೋಡೇನಿ. ಸಾಲಿ ಮಾತ್ರ ಬಿಟ್ಟೆ. ಶುದ್ಧಲೇಖನ ಹೇಳೋ ಮಾಸ್ತರನ ಬಾಯಿ ಪ್ರತಿ ಶಬ್ದಕ್ಕ ಅಂಟ್ಕೊಂಡ್ರ ಹುಡುಗರು ನಗ್ತಾವ.”

ಮಕ್ಬೂಲ ತಟ್ಟೆ ನೋಡುತ್ತಾ ಹೇಳಿದ. “ಈ ಭಾಭಿ ಭಾಲ್ಕಿಯಾಗ ಉಗುಳು ತೊಳೀತಾರ ಸರ. ಉಗುಳು ಅಂದ್ರ ಆಗಂಗಿಲ್ಲ.”

“ಹೌದೇನು?” ಮಾಸ್ತರ ಬೋಡುಬಾಯಿ ಅಗಲವಾಯಿತು. “ನನಗ ಒಮ್ಮೆ ಬಾಯಿತುಂಬ ಉಗುಳು ಬಂದ್ರ, ನಿನ್ನ ಗ್ವಾಡಿತನಕ ಬಸ್ಸಿನಾಗ ಬಂದು ಉಗುಳಿ ಹೋಗ್ತೇನಿ ನೋಡು. ಬೈಕೋ ಬೇಕಾದ್ರ.”

ತಿರುಗಿ ಬರುವಾಗ ದಾರಿಯುದ್ದಕ್ಕೂ ಅವಳು ಒಂದೇ ಒಂದು ಮಾತಾಡಿದಳು. “ಅವರು ಬಂದು ಉಗುಳಿದ್ರ, ಮಕ್ಬೂಲ ಭಾಯಿ, ನಾ ತೊಳೀತೇನಿ.”

ಶನಿವಾರ ನೌಬಾದಕ್ಕೆ ಹೋಗಿ ಬ್ರಶ್ಶೇ ಮಾಡಿರಿ ಎಂದಳು.

ವಿಜಯಶ್ರೀ ಡಾಕ್ಟರು ಕೆಲಸ ಮಾಡುವ ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಮುಖದ ಅಚ್ಚು ತೆಗೆದರು. ತೂತು ತೂತಿನ ಬಿಳಿ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದದ್ದನ್ನು ಸ್ಟೀಫನನ ಮುಖದಿಂದ ಭುಜದವರೆಗೆ ಎಳೆದು ಒತ್ತಿದರು. ಅದು ಆರಿದಾಗ ಅವನ ಮೂಗು, ಹಣೆ, ಗದ್ದ, ಕೆನ್ನೆ ಎಲ್ಲ ಅದರಲ್ಲಿ ಮೂಡಿದ್ದವು. ಮೂವತ್ತೈದು ಸಲವೂ ಇದನ್ನು ಹಾಕಿ ಮಂಚಕ್ಕೆ ಬಿಗಿಯುತ್ತೇವೆ, ಕೂದಲೆಳೆಯಷ್ಟೂ ಅಲುಗಬಾರದು ಎಂದು ಟೆಕ್ನಿಷಿಯನ್ ಹೇಳಿದ. ಬಾಯಲ್ಲಿ ಏನಾದರೂ ಇದೆಯೇ ಎಂದು ಹಾಳೆ ಒತ್ತುವ ಮುಂಚೆಯೇ ಕೇಳಿದ್ದ. ಸ್ಟೀಫನ ತಲೆಯಲ್ಲಾಡಿಸಿ ಇಲ್ಲ ಎಂದಿದ್ದ. ಅಚ್ಚಿನ ಸಮೇತ ಸ್ಕ್ಯಾನಾಯಿತು. ಜೆಮಿಮಾ ಗಾಜಿನಾಚೆ ನಿಂತು ಆ ಬಿಳಿ ಮುಖವನ್ನು ನೋಡಿ, ಹುಬೇಹೂಬ ನನ್ನ ಗಂಡನದೇ ಅಂದುಕೊಂಡಳು.

ನಾಲ್ಕನೆಯ ದಿನ ವಿಜಯಶ್ರೀ ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. ಪರದೆಯ ಮೇಲೆ ಸ್ಟೀಫನನ ತಲೆಯ ಬೂದು ಚಿತ್ರವಿತ್ತು.

“ಎಡ ಗಲ್ಲದ ಒಳಗ ಇಲ್ಲೊಂದು ಉಂಡಿ ಕಾಣ್ತದ. ಹ್ವಾದ ತಿಂಗಳ ಸ್ಕ್ಯಾನಿನಾಗ ಇರಲಿಲ್ಲ. ಇನ್ನೊಂದು ಗಡ್ಡಿ ಇದ್ರ ಪ್ಲ್ಯಾನ್ ಎಲ್ಲಾ ಬದಲು ಆಗ್ತದ. ಇಷ್ಟು ಲಗೂ ಬೆಳಿಲಿಕತ್ತಂದ್ರ ಉಗುಳು ಉಳಿಸೋ ಮಾತು ಬಿಡಬೇಕು. ಬಾಯಿ ತೆಗೀರಿ, ನೋಡೋಣ.”

ಟಾರ್ಚು ಬಿಟ್ಟು, ಕೈಗವುಸಿನ ಬೆರಳಿನಿಂದ ಕೆನ್ನೆಯೊಳಗೆ ತಡಕಿ ನೋಡಿದರು. ಏನೂ ಇಲ್ಲ. ಅಚ್ಚು ತರಿಸಿ ಮುಖಕ್ಕೆ ಹಾಕಿ ನೋಡಿದರು. ಎಲ್ಲ ಕಡೆ ಗಟ್ಟಿ ಕೂತಿತು, ಎಡಗೆನ್ನೆಯಲ್ಲಿ ಮಾತ್ರ ಬೆರಳು ಹೋಗುವಷ್ಟು ಖಾಲಿ.

ಜೆಮಿಮಾ ಆ ಖಾಲಿ ಉಬ್ಬನ್ನೇ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಊಟದ ಹೊತ್ತು, ಚರ್ಚಿನ ಹೊತ್ತು ಬಿಟ್ಟರೆ ಆ ಮುಖವನ್ನು ಆ ಉಬ್ಬಿನೊಂದಿಗೇ ನೋಡಿದ್ದಳು. ಉಬ್ಬಿರುವ ಮುಖವೇ ಅವಳಿಗೆ ಅವನ ಮುಖವಾಗಿತ್ತು. ಅಚ್ಚು ತೆಗೆದ ದಿನ ಗಾಜಿನಾಚೆ ಹುಬೇಹೂಬ ಕಂಡದ್ದು ಅದಕ್ಕೇ. ಹೊರಗಿನ ಯಾರಾದರೂ ಆಗಿದ್ದರೆ ಈ ಕೆನ್ನೆ ಯಾಕೆ ಹೀಗೆ ಎಂದು ಕೇಳುತ್ತಿದ್ದರು. ಅವಳು ಕೇಳಲಿಲ್ಲ.

“ಅದು ಗಡ್ಡಿ ಅಲ್ರಿ ಮೇಡಂ,” ಎಂದಳು. “ಅದು ಗುಟ್ಕಾ.”

ಸ್ಟೀಫನ ಅಚ್ಚಿನೊಳಗಿಂದಲೇ ಕಣ್ಣು ಮುಚ್ಚಿಕೊಂಡ.

“ಅಂಜಿಕಿ ಬಂದಿತ್ರಿ,” ಎಂದ ಅದನ್ನು ತೆಗೆದ ಮೇಲೆ. “ಒಂದೇ ಒಂದು ಇಟ್ಕೊಂಡಿದ್ದೆ. ಉಗುಳಿಲ್ಲ, ಏನಿಲ್ಲ. ಸುಮ್ನ ಗಲ್ಲದಾಗ ಇಟ್ಟಿದ್ದೆ.”

ಡಾಕ್ಟರು ಕೈಗವುಸು ಕಿತ್ತು ಡಬ್ಬಿಗೆ ಒಗೆದರು. ಅವರ ಮುಖದ ಮೇಲೂ ಜೆಮಿಮಾಳಿಗೆ ಪರಿಚಿತವಾದ ಹೇಸಿಕೆ ಇತ್ತು. “ನಾಕು ದಿನ ಕುಂತು ನಿಮ್ಮ ಗುಟ್ಕಾಕ್ಕ ಪ್ಲ್ಯಾನ್ ಮಾಡೇವಿ ನೋಡ್ರಿ ನಾವು. ಹೊಸ ಅಚ್ಚು, ಹೊಸ ಸ್ಕ್ಯಾನ್, ಎಲ್ಲಾ ಮತ್ತ ಮೊದಲಿಂದ. ಕುತ್ತಿಗಿ ಗಂಟು ಕಾಯಂಗಿಲ್ಲ. ಹಳೇ ನಮೂನಿಗೆ ಒಂದೀಟು ಹೆಚ್ಚುಕಮ್ಮಿ ಆದ್ರೂ ನಡೀತದ, ಅದು ಅಗಲಾಗಿ ಹೊಡೀತದ. ಇದು ಅಂಚು ಹಿಡಿದು ಹೋಗೋದು. ಅಚ್ಚು ಸಡಿಲಾದ್ರ ಗಡ್ಡಿಗೆ ಬೀಳೋದು ಗ್ರಂಥಿಗೆ ಬೀಳ್ತದ. ಇನ್ನೊಮ್ಮೆ ಹಿಂಗ ಆತಂದ್ರ ನಾ ಹಳೇ ನಮೂನಿಲೇ ಶುರು ಮಾಡ್ತೇನಿ. ಕೇಳಬ್ಯಾಡ್ರಿ ಮತ್ತ.”

“ಆಗಂಗಿಲ್ಲ,” ಎಂದಳು ಜೆಮಿಮಾ. “ನಾ ನೋಡ್ಕೋತೇನಿ.”

ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಅವಳು ಅವನಿಂದ ಎರಡು ಕುರ್ಚಿ ದೂರ ಕೂತಳು.

“ನಿನ್ನ ಉಗುಳು ಉಳಸ್ಲಿಕ್ಕೆ ನಾ ಡಾಕ್ಟರ ಮುಂದ ಕೈ ಜೋಡಿಸ್ಲಿಕತ್ತೇನಿ,” ಎಂದಳು. ಸಿಟ್ಟು ಬಂದಾಗ ಮಾತ್ರ ಅವನಿಗೆ ಏಕವಚನ. “ನಾನು. ಜೆಮಿಮಾ. ತಿಳೀತೇನು ನಿನಗ?”

“ತಿಳೀತು.”

“ತಿಳಿದಿಲ್ಲ. ಬಾಯಿ ತೆಗಿ.”

ಅವನು ತೆಗೆದ. ಅವಳು ಎದ್ದು ಅವನ ಮುಂದೆ ಬಂದು ಅತ್ತಿತ್ತ ನೋಡಿದಳು, ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ತೋರುಬೆರಳನ್ನು ಗಂಡನ ಬಾಯಿಗೆ ಹಾಕಿದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವನ ಎಂಜಲು ಲೋಟವನ್ನೂ ಮುಟ್ಟದ ಬೆರಳು. ಎಡಗೆನ್ನೆ, ಬಲಗೆನ್ನೆ, ತುಟಿಯ ಒಳಭಾಗ, ಒಸಡಿನ ಸಂದಿ. ಮೂಲೆಯಲ್ಲಿ ಕಸ ಉಳಿದಿದೆಯೇ ಎಂದು ನೋಡುವ ಕೆಲಸಗಾರ್ತಿಯ ಕೈ. ಬೆಚ್ಚಗಿತ್ತು, ಜಾರುತ್ತಿತ್ತು, ಹುಣ್ಣಿನ ವಾಸನೆ ಇತ್ತು. ನಲ್ಲಿಯ ಹತ್ತಿರ ಹೋಗಿ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದಳು.

ಹೊಸ ಅಚ್ಚು ತೆಗೆಯುವ ಮುಂಚೆ ಹಾಗೆ ನೋಡಿದಳು. ಆಮೇಲೆ ದಿನಾ ನೋಡಿದಳು. ಮಿಷನ್ನಿನ ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್ ಹೆಸರು ಕೂಗಿದರೆ, “ತಡೀರಿ,” ಎಂದು ಅವಳು ಮೊದಲು ಬೆರಳು ಹಾಕಬೇಕು. ಎರಡನೆಯ ವಾರದಲ್ಲಿ ಟೆಕ್ನಿಷಿಯನ್ನೇ ಕೇಳತೊಡಗಿದ, “ಅಮ್ಮಾರ ಚೆಕಿಂಗ್ ಆಯ್ತೇನ್ರಿ?”

ಬ್ರಶ್ಶು ಎಂದ ಮಾತ್ರಕ್ಕೆ ನೋವಿಲ್ಲವೆಂದು ಅವಳು ತಿಳಿದಿದ್ದಳು. ಅದು ಸುಳ್ಳಾಯಿತು. ಮೂರನೆಯ ವಾರಕ್ಕೆ ಅವನ ಬಾಯೆಲ್ಲ ಬಿಳಿ ಹುಣ್ಣು. ಉಗುಳು ದಪ್ಪವಾಗಿ ಹಗ್ಗವಾಯಿತು. ತುಟಿಯಿಂದ ತಟ್ಟೆಗೆ ಬಿಟ್ಟರೆ ತುಂಡಾಗುತ್ತಿರಲಿಲ್ಲ, ಅವಳು ಬಟ್ಟೆ ಸುತ್ತಿದ ಬೆರಳಿಗೆ ಸುತ್ತಿ ಎಳೆಯಬೇಕಿತ್ತು. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಊಟ ಮೂಗಿನ ನಳಿಕೆಯಿಂದ. ಹಾಕಿದ ಗಂಜಿ ಕೆಲವು ದಿನ ತಿರುಗಿ ಅವಳ ಸೀರೆಯ ಮೇಲೆಯೇ ಬಂತು. ಹೇಸಿಕೆ ಹೋಯಿತೇ ಎಂದರೆ ಇಲ್ಲ. ಪ್ರೀತಿಯಿಂದ ಎಲ್ಲ ಸಹ್ಯವಾಗುತ್ತದೆ ಎಂದು ಪ್ರಾರ್ಥನೆಗೆ ಬಂದ ಹೈದರಾಬಾದಿನ ಚರ್ಚಿನ ಹೆಂಗಸೊಬ್ಬಳು ಹೇಳಿದಾಗ, ಜೆಮಿಮಾ ತಟ್ಟೆಯನ್ನು ಅವಳ ಕಡೆ ಚಾಚಿ, “ಹಿಡೀರಿ ಒಂದು ಗಳಿಗಿ,” ಎಂದಳು. ಆಕೆ ಹಿಡಿಯಲಿಲ್ಲ.

ಮೂವತ್ತೈದನೆಯ ದಿನವೂ ಬೆರಳು ಹಾಕಿಯೇ ಒಳಗೆ ಬಿಟ್ಟಳು.

ಭಾಲ್ಕಿಗೆ ಬಂದ ಮೇಲೆ ಎರಡು ತಿಂಗಳು ಸ್ಟೀಫನನ ಬಾಯಿ ಶಿವರಾಜಪ್ಪ ಮಾಸ್ತರರ ಬಾಯಿಯಂತೆಯೇ ಒಣಗಿತ್ತು. ನಾಲಿಗೆ ಬಿಡಿಸಿಕೊಳ್ಳುವ ಅದೇ ಸಪ್ಪಳ ಮನೆಯಲ್ಲಿ ಕೇಳಿದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ಗಂಟು ಕರಗಿವೆ, ಗಡ್ಡೆ ಕಾಣುತ್ತಿಲ್ಲ, ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದರು ನೌಬಾದದಲ್ಲಿ. ಉಗುಳು? ಕಾಯಿರಿ ಎಂದರು. ಅವಳು ಕಾದಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಟ್ಟಳು. ಅವನು ನೀರಿನ ಬಾಟಲಿಯನ್ನು ಗೇರಿನ ಪಕ್ಕ ಇಟ್ಟುಕೊಂಡು ಮತ್ತೆ ಗಾಡಿ ಹೊಡೆಯತೊಡಗಿದ. ಬಾಯಿ ಹೇಗಿದೆ ಎಂದು ಅವಳು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ.

ಕರೆಂಟು ಮುಗಿದು ಎಂಟು ತಿಂಗಳಾಗಿತ್ತು. ತೊಗರಿ ಕೊಯ್ಲಿಗೆ ಬಂದ ದಿನಗಳು. ಒಂದು ಬೆಳಿಗ್ಗೆ ಅವಳು ಬಕೆಟ್ಟು ಹಿಡಿದು ಗೋಡೆಯ ಹತ್ತಿರ ಹೋದಳು. ಇಸ್ಪೀಟಿನವರದು ಇತ್ತು, ಲಾರಿಯವರದು ಇತ್ತು. ಎದೆಯೆತ್ತರದಲ್ಲಿ, ನೀಲಿ “ಉ” ಅಕ್ಷರದ ಹೊಟ್ಟೆಯ ಮೇಲೆ ಸರಿಯಾಗಿ, ಎಡಕ್ಕೆ ಬಾಲ ಬಿಟ್ಟದ್ದೊಂದು ಬಿದ್ದಿತ್ತು.

ಅದಕ್ಕೆ ಬಣ್ಣವಿರಲಿಲ್ಲ. ಬರೀ ನೀರಿನಂತೆ, ಅಂಚಿನಲ್ಲಿ ಸಣ್ಣ ನೊರೆ, ಬಿಸಿಲಿಗೆ ಮಿಂಚುತ್ತಿತ್ತು. ಅವಳು ಬಗ್ಗಿದಳು. ಕಪ್ಪು ಎಳೆ ಹುಡುಕಿದಳು. ಇಲ್ಲ. ಇಟ್ಟಂಗಿ ಬಣ್ಣದ ಚುಕ್ಕೆ ಹುಡುಕಿದಳು. ಇಲ್ಲ. ಬಣ್ಣವಿಲ್ಲದ ಗುಟ್ಕಾ ಮಸಾಲೆಗಳೂ ಈಗ ಬಂದಿವೆ ಎಂಬುದು ನೆನಪಾಯಿತು. ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಾಗಲೇ ಜೆಮಿಮಾ ಗೋಡೆಗೆ ಎರಡೂ ಕೈ ಊರಿ, ಮೂಗನ್ನು ಆ ಉಗುಳಿನ ಹತ್ತಿರ ಒಯ್ದು ಮೂಸಿದಳು. ಇನ್ನೊಮ್ಮೆ ಮೂಸಿದಳು.

ಗೋಡೆಯ ಸುಣ್ಣದ ವಾಸನೆ. ಜೊತೆಗೆ ಬೆಳಿಗ್ಗೆ ತಾನೇ ಮಾಡಿಕೊಟ್ಟ ಚಹದ ವಾಸನೆ. ಮತ್ತೇನಿಲ್ಲ.

ಮಕ್ಬೂಲ ಗಾಡಿಯಿಂದ ಇಳಿದು ಬಂದ. “ಭಾಭಿ, ಆರಾಮ ಇದ್ದೀರೇನು? ಗ್ವಾಡಿಗೆ ಯಾಕ ಮುದ್ದು ಕೊಡ್ಲಿಕತ್ತೀರಿ?”

ಅವಳು ನೇರ ಗಂಡನ ಕಿಟಕಿಯ ಹತ್ತಿರ ಹೋದಳು. ಸ್ಟೀಫನ ಎದುರಿನ ಗಾಜನ್ನು ಬಟ್ಟೆಯಿಂದ ಒರೆಸುವವನಂತೆ ನಟಿಸುತ್ತಿದ್ದ. ಗಾಜು ಆಗಲೇ ಸ್ವಚ್ಛವಿತ್ತು.

“ಅದು ಯಾರದು?”

“ಯಾವುದು?”

“ನನ್ನ ಮುಂದ ಕೇಳ್ತೀರಿ ಯಾವುದು ಅಂತ.”

ಅವನು ಬಟ್ಟೆ ಕೆಳಗಿಟ್ಟ. “ಬಂತು,” ಎಂದ. “ಚಹಾ ಕುಡದು ಕುಂತಿದ್ದೆ, ಬಾಯಿ ತುಂಬ ಬಂತು. ಖರೆನೇ ಬಂದದೋ ಏನು ಬರೀ ಭ್ರಮೆನೋ, ಗ್ವಾಡಿ ಮ್ಯಾಲ ನಿಂತ್ರ ತಿಳೀತದ ಅಂತ ನೋಡಿದೆ.”

“ನೋಡಿದ್ರಿ?”

“ನೋಡಿದೆ.”

“ನಿಂತದ?”

“ನಿಂತದ.”

ಜೆಮಿಮಾ ಮುಖ ಹಿಂಡಿಕೊಂಡಳು, ಹತ್ತೊಂಬತ್ತು ವರ್ಷ ಭಾಲ್ಕಿ ನೋಡಿದ ಅದೇ ಮುಖ. “ಹೇಸಿ ಮನಷ್ಯಾ. ಇಳೀರಿ ಕೆಳಗ.”

ಬಕೆಟ್ಟಿನಿಂದ ಹಳೇ ಬ್ರಶ್ಶು ತೆಗೆದು ಅವನ ಕೈಗೆ ಕೊಟ್ಟಳು. ಗಾಡಿಯಲ್ಲಿ ತುಂಬಿದ್ದ ಔರಾದದ ಜನ ಕಿಟಕಿಗಳಿಂದ ಇಣುಕಿದರು. ಸ್ಟೀಫನ ಗೋಡೆಯ ಮುಂದೆ ನಿಂತು ತಿಕ್ಕತೊಡಗಿದ, ಮೊದಲು ಜೋರಾಗಿ.

“ಹಾಂಗಲ್ಲ,” ಎಂದಳು ಹಿಂದೆ ನಿಂತು. “ಅಂಚು ಹಿಡಿದು ತಿಕ್ಕರಿ. ಅಕ್ಷರ ಕೆಡಬಾರದು.”

ಅವನು ನಿಧಾನ ಮಾಡಿದ. ಅವಳು ನಲ್ಲಿಗೆ ಹೋಗಿ ಸಾಬೂನು ತೆಗೆದುಕೊಂಡು ತನ್ನ ಮೂಗನ್ನು ಮೂರು ಸಲ ತೊಳೆದಳು.